ಮಗಳಿಗೊಂದು ಪತ್ರ: ಒಂದೂವರೆ ಅಡಿ ದೂರದ ಚೆಂಡು

ಪುಟ್ಟಿ,

ಭಾನುವಾರ ಫೋನಲ್ಲಿ "ರೂಲ್ ಅಂದ್ರೆ ರೂಲು ಕಣೆ, ತಲೆ ಕೆಡಿಸ್ಕೋಬೇಡ, ಊಟ ಮಾಡಿ ಮಲ್ಕೋ" ಅಂತ ಹೇಳಿ ಇಟ್ಬಿಟ್ಟೆ. ಅಂಗಡೀಲಿ ಇಬ್ರು ಬಿತ್ತನೆ ಆಲೂಗಡ್ಡೆ ರೇಟ್ ಕೇಳ್ಕೊಂಡು ನಿಂತಿದ್ರು, ಅದೊಂದು ನೆಪ. ನಿಜ ಹೇಳ್ಬೇಕಂದ್ರೆ ನೀನು ಅಳ್ತಾ ಇದ್ದೆ, ನನಗೆ ಏನು ಹೇಳ್ಬೇಕು ಅಂತ ತೋಚ್ಲಿಲ್ಲ. ವಾಟ್ಸಾಪಲ್ಲಿ ಕಳಿಸಿದ್ರೆ ನೀನು ಅರ್ಧ ಓದಿ ಥಂಬ್ಸ್ ಅಪ್ ಹಾಕಿ ಸುಮ್ನಾಗ್ತೀಯ, ಅದಕ್ಕೆ ಕೂತ್ಕೊಂಡು ಉದ್ದಕ್ಕೆ ಬರೀತಿದೀನಿ.

ನನಗೆ ಅರ್ಥ ಆಗಿದ್ದು ಇಷ್ಟು. ಡಬಲ್ಸ್ ಫೈನಲ್, ಮೂರನೇ ಗೇಮ್, 20-19, ಮ್ಯಾಚ್ ಪಾಯಿಂಟ್ ನಿಮ್ದು. ನೀನು ಹೊಡೆದ ಶಟಲ್ ಗೆರೆ ದಾಟಿ ಆಚೆ ಹೋಗ್ತಿತ್ತು, ಎದುರಿನ ಹುಡುಗಿ ಹೆಂಗಿದ್ರೂ ಔಟು ಅಂತ ಅದು ನೆಲಕ್ಕೆ ಬೀಳೋ ಮುಂಚೆನೇ ಕೈಯಲ್ಲಿ ಹಿಡ್ಕೊಂಡ್ಬಿಟ್ಲು, ನೀನು ಅಂಪೈರ್ ಹತ್ರ ಹೋಗಿ ಕೇಳ್ದೆ, ಪಾಯಿಂಟ್ ಬಂತು, ಕಪ್ಪೂ ಬಂತು. ಆ ಹುಡುಗಿ ಅಲ್ಲೇ ಕೂತು ಅತ್ಲು. ಈಗ ಹಾಸ್ಟೆಲಲ್ಲಿ ನಿನ್ನ ಪಾರ್ಟ್ನರೇ ನಿನ್ ಜೊತೆ ಸರಿಯಾಗಿ ಮಾತಾಡ್ತಿಲ್ಲ.

ನನಗೆ ಶಟಲ್ ಬಗ್ಗೆ ಜಾಸ್ತಿ ಗೊತ್ತಿಲ್ಲ. ಆದ್ರೆ ಇದೇ ತರದ್ದು ಗಾಲ್ಫಲ್ಲಿ ಆಗಿದೆ, ಅದೂ ಒಂದ್ಸಲ ಅಲ್ಲ. ನಗಬೇಡ, ನಿಮ್ಮಪ್ಪ ಗಾಲ್ಫ್ ಸ್ಟಿಕ್ ಕೈಯಲ್ಲಿ ಹಿಡಿದೋನಲ್ಲ ಅಂತ ನಿನಗೂ ಗೊತ್ತು ನನಗೂ ಗೊತ್ತು.

ಈ ಹುಚ್ಚು ಹೆಂಗೆ ಹತ್ತಿದ್ದು ಅಂತ ನೆನಪಿದ್ಯಾ? 2021ರ ಆಗಸ್ಟ್ 7, ಶನಿವಾರ, ಬೆಳಗಿನ ಜಾವ ನಿನ್ನ ಎಬ್ಬಿಸಿ ಟಿವಿ ಮುಂದೆ ಕೂರಿಸಿದ್ದೆ, ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಲ್ಲಿ ಮೆಡಲ್ ಹತ್ರ ಇದಾಳೆ ಅಂತ. ಪಾರ್ ಯಾವ್ದು ಬರ್ಡಿ ಯಾವ್ದು ನಮ್ಮಿಬ್ರಿಗೂ ಗೊತ್ತಿರ್ಲಿಲ್ಲ. ಅವಳ ಬ್ಯಾಗ್ ಹೊತ್ಕೊಂಡು ಓಡಾಡ್ತಿರೋದು ಅವರಮ್ಮ ಅಂತ ಕಾಮೆಂಟ್ರಿಯಲ್ಲಿ ಹೇಳಿದ ತಕ್ಷಣ ನಿಮ್ಮಮ್ಮ ಒಲೆ ಆರಿಸಿ ಬಂದು ಕೂತ್ಲು. ರ‍್ಯಾಂಕಿಂಗಲ್ಲಿ 200ನೇ ಹುಡುಗಿ, ಒಂದೇ ಒಂದು ಶಾಟಲ್ಲಿ ಮೆಡಲ್ ತಪ್ಪಿ ನಾಲ್ಕನೇ ಸ್ಥಾನ. ಚಿನ್ನ ಹೊಡೆದಿದ್ದು ಅಮೆರಿಕಾದ ನೆಲ್ಲಿ ಕೊರ್ಡಾ. ಈ ಹೆಸರು ನೆನಪಿಟ್ಕೋ, ಮುಂದೆ ಬರತ್ತೆ.

ಆಮೇಲೆ ಅದಿತಿ ಮುಂದಿನ ಆಟ ಯಾವಾಗ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಸೋಲ್ಹೈಮ್ ಕಪ್, ಹೆಂಗಸರ ಟೀಮ್ ಗಾಲ್ಫ್. ಅದರಲ್ಲಿ ಅದಿತಿ ಆಡೋ ಹಂಗೇ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ಒಂದ್ಕಡೆ ಅಮೆರಿಕಾ, ಒಂದ್ಕಡೆ ಯೂರೋಪು, ಮಿಕ್ಕಿದ ಪ್ರಪಂಚ ಎಲ್ಲಾ ಟಿವಿ ಮುಂದೆ. ದೇಶದೇಶದ ಲೆಕ್ಕದಲ್ಲಿ ಇಂಟರ್‌ನ್ಯಾಷನಲ್ ಕ್ರೌನ್ ಅಂತ ಇನ್ನೊಂದು ಇದೆ, 2023ರಲ್ಲಿ ಥಾಯ್ಲೆಂಡ್ ಗೆದ್ದಿದ್ದು, ಅದರಲ್ಲೂ ಇಂಡಿಯಾ ಇನ್ನೂ ಆಡಿಲ್ಲ. ಅದೊಂದು ಹೊಟ್ಟೆಉರಿ ಇದ್ದೇ ಇದೆ ಬಿಡು.

ಗಂಡಸರದ್ದು ರೈಡರ್ ಕಪ್, 1927ರಿಂದ ನಡೀತಿದೆ. ಅದಕ್ಕೆ ಹೆಸರು ಬಂದಿದ್ದು ಸ್ಯಾಮ್ಯುಯೆಲ್ ರೈಡರ್ ಅಂತ ಇಂಗ್ಲೆಂಡಿನ ಒಬ್ಬ ಬೀಜದ ವ್ಯಾಪಾರಿಯಿಂದ, ಒಂದೊಂದು ಪೆನ್ನಿಗೆ ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಮಾರಿ ದುಡ್ಡು ಮಾಡಿದೋನು. ನಮ್ಮ ಕಸುಬಿನವನೇ! ನಾನು ಮೂವತ್ತು ವರ್ಷದಿಂದ ಬೀನ್ಸ್ ಬೀಜ ಮಾರ್ತಾ ಇದೀನಿ, ನನ್ನ ಹೆಸರಲ್ಲಿ ಒಂದು ಕೇರಂ ಕಪ್ಪೂ ಇಲ್ಲ. ಹೆಂಗಸರ ಕಪ್ಪಿಗೆ ಹೆಸರು ಕೊಟ್ಟ ಕಾರ್ಸ್ಟನ್ ಸೋಲ್ಹೈಮ್ ನಾರ್ವೇಲಿ ಹುಟ್ಟಿ ಅಮೆರಿಕಾಗೆ ಹೋದ ಎಂಜಿನಿಯರ್, ಗ್ಯಾರೇಜಲ್ಲಿ ತಾನೇ ಒಂದು ಪಟರ್, ಅಂದ್ರೆ ಚೆಂಡನ್ನ ಮೆಲ್ಲಗೆ ಗುಳಿಗೆ ತಟ್ಟೋ ಸ್ಟಿಕ್, ಮಾಡ್ಕೊಂಡ, ಚೆಂಡಿಗೆ ತಟ್ಟಿದ್ರೆ ಪಿಂಗ್ ಅಂತ ಸೌಂಡ್ ಬರ್ತಿತ್ತು, ಕಂಪನಿಗೂ ಅದೇ ಹೆಸರಿಟ್ಟ.

ಗೆದ್ದವರ ಲಿಸ್ಟು ನಾನು ಸಾಲದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದೀನಿ, ಎಡಕ್ಕೆ ಅಮೆರಿಕಾ ಬಲಕ್ಕೆ ಯೂರೋಪು, ಜಮಾ ಖರ್ಚು ಬರೆದ ಹಂಗೆ. 1990ರಲ್ಲಿ ಫ್ಲೋರಿಡಾದಲ್ಲಿ ಮೊದಲನೇದು, ಅಮೆರಿಕಾ ಹನ್ನೊಂದೂವರೆ ಪಾಯಿಂಟು, ಯೂರೋಪು ನಾಲ್ಕೂವರೆ. ಇದೇನು ಆಟಾನಾ ಅಂತ ಜನ ಅಂದ್ಕೊಂಡಿರ್ತಾರೆ. ಎರಡೇ ವರ್ಷಕ್ಕೆ ಸ್ಕಾಟ್ಲೆಂಡಿನ ಡಾಲ್ಮಹೋಯಲ್ಲಿ ಯೂರೋಪು ಅದೇ ಹನ್ನೊಂದೂವರೆ ತಗೊಂಡು ಗೆದ್ದಿತು. ಆಮೇಲೆ 94, 96, 98 ಮೂರೂ ಅಮೆರಿಕಾ. ಅದರಲ್ಲಿ 96ರದ್ದು ನೋಡು, ಕೊನೇ ದಿನ ಬೆಳಿಗ್ಗೆ ಯೂರೋಪು 9-7ರಲ್ಲಿ ಮುಂದೆ ಇತ್ತು, ಸಾಯಂಕಾಲಕ್ಕೆ 17-11 ಸೋತಿತ್ತು, ಹನ್ನೆರಡು ಸಿಂಗಲ್ಸಲ್ಲಿ ಸಿಕ್ಕಿದ್ದು ಎರಡೇ ಪಾಯಿಂಟು. 2002 ಆದ ಮೇಲೆ 2003ಕ್ಕೇ ಮತ್ತೆ ಆಡಿದಾರೆ, ಅದು ನಾನು ತಪ್ಪು ಬರ್ಕೊಂಡಿದ್ದಲ್ಲ, 2001ರ ಸೆಪ್ಟೆಂಬರ್ ದಾಳಿಯಿಂದ ರೈಡರ್ ಕಪ್ ಒಂದು ವರ್ಷ ಮುಂದಕ್ಕೆ ಹೋಯ್ತು, ಎರಡೂ ಒಂದೇ ವರ್ಷ ಬೇಡ ಅಂತ ಇದನ್ನ ಬೆಸ ವರ್ಷಕ್ಕೆ ತಂದ್ರು. 2024ರ ತನಕ ಒಟ್ಟು ಹತ್ತೊಂಬತ್ತು ಸಲ ಆಗಿದೆ, ಅಮೆರಿಕಾ ಹನ್ನೊಂದು, ಯೂರೋಪು ಏಳು, ಒಂದು ಸಮ.

ಆದ್ರೆ ಲಿಸ್ಟಲ್ಲಿ ಕಾಣ್ಸೋದು ವರ್ಷ, ದೇಶ, ಅಂಕಿ ಅಷ್ಟೇ. ಯಾರು ಅತ್ರು ಅಂತ ಇರಲ್ಲ.

2000ದಲ್ಲಿ ಸ್ಕಾಟ್ಲೆಂಡಿನ ಲಾಕ್ ಲೋಮಂಡಲ್ಲಿ ಸ್ವೀಡನ್ನಿನ ಅನಿಕಾ ಸೊರೆನ್‌ಸ್ಟಾಮ್ ಗ್ರೀನ್ (ಗುಳಿ ಸುತ್ತಲಿನ ನುಣ್ಣನೆ ಹುಲ್ಲು) ಆಚೆಯಿಂದ ಹೊಡೆದ ಚೆಂಡು ಸೀದಾ ಹೋಗಿ ಗುಳಿಗೆ ಬಿತ್ತು. ಎಲ್ಲಾರೂ ಕುಣೀತಿದಾರೆ, ಅಮೆರಿಕಾದವರು ಬಂದು ಸರದಿ ನಿಮ್ದಲ್ಲ ನಮ್ದಿತ್ತು, ಮತ್ತೆ ಹೊಡೀರಿ ಅಂದ್ರು. ಹಿಂಗೆ ಎದುರುಬದುರು ಆಡೋದಕ್ಕೆ ಮ್ಯಾಚ್ ಪ್ಲೇ ಅಂತಾರೆ, ಅದರ ರೂಲಲ್ಲಿ ಅದಕ್ಕೆ ಜಾಗ ಇದೆ. ಮತ್ತೆ ಹೊಡೆದ್ಲು, ಬೀಳ್ಲಿಲ್ಲ. ಪ್ರಪಂಚದಲ್ಲೇ ದೊಡ್ಡ ಆಟಗಾರ್ತಿ, ಕಣ್ಣಲ್ಲಿ ನೀರು. ಕಪ್ ಯೂರೋಪಿಗೇ ಹೋಯ್ತು ಅನ್ನೋದು ಬೇರೆ ವಿಷ್ಯ.

ಈಗ ನಿನಗೆ ಹೇಳ್ಬೇಕು ಅಂದ್ಕೊಂಡಿದ್ದು. ಮ್ಯಾಚ್ ಪ್ಲೇನಲ್ಲಿ ಒಂದೊಂದು ಗುಳಿಗೂ ಬೇರೆಬೇರೆ ಸೋಲು ಗೆಲುವು. ಎದುರಿನವರ ಚೆಂಡು ಗುಳಿ ಹತ್ರ ಬಂದು ನಿಂತು, ಇನ್ನೊಂದು ತಟ್ಟಿದ್ರೆ ಬಿದ್ದೇ ಬೀಳತ್ತೆ ಅನ್ನೋ ಹಂಗಿದ್ರೆ "ಆಯ್ತು ಎತ್ಕೋ" ಅಂತ ಬಿಟ್ಟುಕೊಡ್ತಾರೆ. ನಾವು ಗೋಲಿ ಆಡೋವಾಗ "ಬಿಟ್ಟೆ ಹೋಗೋ" ಅಂತಿದ್ವಲ್ಲ, ಹಂಗೆ. ಆದ್ರೆ ಬಿಟ್ಟೆ ಅನ್ನೋದು ಅವರ ಬಾಯಿಂದ ಬರ್ಬೇಕು, ನೀನಾಗೇ ಎತ್ಕೊಳ್ಳೋ ಹಂಗಿಲ್ಲ.

2015, ಜರ್ಮನಿಯ ಸೇಂಟ್ ಲಿಯೋನ್-ರೋಟ್. ಹಿಂದಿನ ದಿನ ಕತ್ತಲಾಯ್ತು ಅಂತ ನಿಲ್ಲಿಸಿದ್ದ ಮ್ಯಾಚು ಭಾನುವಾರ ಬೆಳಿಗ್ಗೆ ಮುಂದುವರೀತಿತ್ತು. ಯೂರೋಪಿನ ಕಡೆ ನಾರ್ವೆಯ ಸುಜಾನ್ ಪೆಟರ್ಸನ್ ಮತ್ತು ಚಾರ್ಲಿ ಹಲ್, ಆ ಕಡೆ ಆಲಿಸನ್ ಲೀ, ಬ್ರಿಟನಿ ಲಿನ್ಸಿಕಮ್. 17ನೇ ಗುಳಿ, ಮ್ಯಾಚು ಸಮಸಮ. ಆಲಿಸನ್ ಲೀ ಇನ್ನೂ ಕಾಲೇಜು ಓದೋ ಹುಡುಗಿ, ಮೊದಲನೇ ಸೋಲ್ಹೈಮ್. ಅವಳ ಪಟ್, ಅಂದ್ರೆ ಗುಳಿಗೆ ತಟ್ಟಿದ ಹೊಡೆತ, ತಪ್ಪಿ ಚೆಂಡು ಗುಳಿಯಿಂದ ಒಂದೂವರೆ ಅಡಿ ಆಚೆ ನಿಂತ್ಕೊಳ್ತು. ಚಾರ್ಲಿ ಹಲ್ ಆಗಲೇ ಮುಂದಕ್ಕೆ ನಡ್ಕೊಂಡು ಹೋಗ್ತಿದ್ಲು, ಬಿಟ್ಟುಕೊಟ್ಟಿದಾರೆ ಅಂತ ಲೀ ಚೆಂಡು ಎತ್ಕೊಂಡ್ಬಿಟ್ಲು. ಪೆಟರ್ಸನ್ ಇಲ್ಲ, ನಾವು ಬಿಟ್ಟುಕೊಟ್ಟಿಲ್ಲ ಅಂದ್ಲು. ಅಷ್ಟೇ. ಆ ಗುಳಿ ಯೂರೋಪಿಗೆ, 18ನೇದೂ ಯೂರೋಪಿಗೆ, ಮ್ಯಾಚೂ ಯೂರೋಪಿಗೆ. ಲೀ ಅಳ್ತಿದಾಳೆ, ಚಾರ್ಲಿ ಹಲ್ ಗೆದ್ದೂ ಅಳ್ತಿದಾಳೆ. ಅದರ ವಿಡಿಯೋ ನಾನು ನೋಡಿದೀನಿ, ಗೆದ್ದೋರು ಯಾರು ಸೋತೋರು ಯಾರು ಅಂತ ಮುಖ ನೋಡಿ ಹೇಳೋಕೆ ಆಗಲ್ಲ. ಹಲ್ ಎಂಥವಳು ಅಂದ್ರೆ, 2013ರಲ್ಲಿ ಹದಿನೇಳು ವರ್ಷಕ್ಕೆ ಪೌಲಾ ಕ್ರೀಮರ್‌ನ ಸೋಲಿಸಿ ಅಲ್ಲೇ ಅವಳ ಹತ್ರ ಫ್ರೆಂಡಿಗೆ ಅಂತ ಆಟೋಗ್ರಾಫ್ ಕೇಳಿದೋಳು. ಅಂಥ ಹುಡುಗೀನೂ ಅಲ್ಲಿ ಅಳ್ತಾ ನಿಂತಿದ್ಲು.

ಆಗ ಸ್ಕೋರು ಯೂರೋಪಿಗೆ 10-6. ಅಮೆರಿಕಾದವರು ಎಷ್ಟು ರೊಚ್ಚಿಗೆದ್ರು ಅಂದ್ರೆ ಮಧ್ಯಾಹ್ನ ಹನ್ನೆರಡು ಸಿಂಗಲ್ಸಲ್ಲಿ ಎಂಟೂವರೆ ಪಾಯಿಂಟ್ ಹೊಡೆದು ಹದಿನಾಲ್ಕೂವರೆ-ಹದಿಮೂರೂವರೆ ಅಂತ ಕಪ್ ಎತ್ಕೊಂಡು ಹೋದ್ರು. ಪೆಟರ್ಸನ್ ಕೂಡ ತನ್ನ ಸಿಂಗಲ್ಸ್ ಸೋತ್ಲು. ಅವತ್ತು ಸಾಯಂಕಾಲ ರೂಲ್ ಪ್ರಕಾರ ಸರಿ ಅಂತಲೇ ನಿಂತಿದ್ಲು. ಮಾರನೇ ದಿನ ಇನ್‌ಸ್ಟಾಗ್ರಾಮಲ್ಲಿ ಕ್ಷಮೆ ಕೇಳಿದ್ಲು, ಒಂದು ಪಾಯಿಂಟಿನ ಆಸೆಗೆ ಬಿದ್ದು ಆಟಾನೇ ಮರೆತೆ ಅನ್ನೋ ಅರ್ಥದಲ್ಲಿ.

ನಾನು ಏನ್ ಅಂದ್ಕೋತೀನಿ ಕೇಳು. ಅವಳು ರೂಲ್ ಮುರೀಲಿಲ್ಲ. ಚೆಂಡು ಎತ್ಕೊಂಡಿದ್ದು ಲೀ ತಪ್ಪು. ಅಷ್ಟಾದ್ರೂ ನಾನು ಪೆಟರ್ಸನ್ ಜಾಗದಲ್ಲಿ ಇದ್ದಿದ್ರೆ "ಬಿಡು ತಾಯಿ, ಅದು ಬಿದ್ದಿರೋದೇ" ಅಂತಿದ್ದೆ ಅಂತ ಸೋಫಾ ಮೇಲೆ ಕೂತು ಅಂದ್ಕೋತೀನಿ. ಅಲ್ಲಿ ನಿಂತಾಗ ಅಂತಿದ್ನಾ? ಕಳೆದ ಯುಗಾದಿ ಟೈಮಲ್ಲಿ ಒಬ್ಬ ರೈತ ಬಿಲ್ ಕಳ್ಕೊಂಡು ಬಂದು ಮೊಳಕೆ ಬಂದಿಲ್ಲ ಬೇರೆ ಬೀಜ ಕೊಡಿ ಅಂದಾಗ, ಬಿಲ್ ಇಲ್ದೆ ಆಗಲ್ಲ ಅಂತ ಬೋರ್ಡ್ ತೋರಿಸಿ ಕಳಿಸಿದೋನು ನಾನು. ಅವನು ಇನ್ನೂ ನಮ್ಮ ಅಂಗಡಿ ಮುಂದೆನೇ ಆಚೆ ಅಂಗಡಿಗೆ ಹೋಗ್ತಾನೆ, ನನ್ನ ನೋಡಲ್ಲ. ಬೋರ್ಡಂತೂ ಅಲ್ಲೇ ಇದೆ.

ಪೆಟರ್ಸನ್ ಕಥೆ ಅಲ್ಲಿಗೆ ನಿಲ್ಲಲ್ಲ, ನನಗೆ ಇಷ್ಟ ಆಗೋದೇ ಅದು. 2017ರಲ್ಲಿ ಬೆನ್ನು ನೋವು, ಆಡ್ಲಿಲ್ಲ, ಅಮೆರಿಕಾ ಗೆದ್ದಿತು. 2018ರಲ್ಲಿ ಮಗು ಆಯ್ತು. ಹೆಚ್ಚುಕಮ್ಮಿ ಆಟ ಬಿಟ್ಟೇ ಬಿಟ್ಟಿದ್ಲು ಅನ್ನು. 2019ರಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸಲ್ಲಿ ಯೂರೋಪಿನ ಕ್ಯಾಪ್ಟನ್ ಕ್ಯಾಟ್ರಿಯೋನಾ ಮ್ಯಾಥ್ಯೂ ಅವಳನ್ನ ಟೀಮಿಗೆ ತಗೊಂಡ್ಳು, ಜನ ಸಿಕ್ಕಾಪಟ್ಟೆ ಬೈದ್ರು, ವರ್ಷದಿಂದ ಸರಿಯಾಗಿ ಆಡಿಲ್ಲ ಅವಳನ್ನ ಯಾಕೆ ಅಂತ. ಮೂರನೇ ದಿನ ಸಾಯಂಕಾಲ ಸ್ಕೋರು ಹದಿಮೂರೂವರೆ-ಹದಿಮೂರೂವರೆ. ಹುಲ್ಲಿನ ಮೇಲೆ ಉಳಿದಿದ್ದು ಒಂದೇ ಮ್ಯಾಚು, ಕೊನೇ ಗುಳಿ, ಕೊನೇ ಪಟ್, ಏಳು ಅಡಿ ಹತ್ರ ಇರ್ಬೇಕು, ಹೊಡೀಬೇಕಾದೋಳು ಇವಳೇ. ಒಂದೂವರೆ ಅಡಿದನ್ನ ಬಿಟ್ಟುಕೊಡದೆ ಇದ್ದೋಳಿಗೆ ಏಳು ಅಡಿದು. ಹಾಕಿದ್ಲು. ಕಪ್ ಯೂರೋಪಿಗೆ. ಮಗು ಎತ್ಕೊಂಡು ಅಲ್ಲೇ ರಿಟೈರ್ ಆಗ್ತೀನಿ ಅಂದ್ಬಿಟ್ಲು.

ಇನ್ನು ನೆಲ್ಲಿ ಕೊರ್ಡಾ. ಟೋಕಿಯೋ ಮುಗಿದು ಒಂದೇ ತಿಂಗಳಿಗೆ ಓಹಾಯೋದಲ್ಲಿ 2021ರ ಸೋಲ್ಹೈಮ್. 13ನೇ ಗುಳಿ, ಅವಳ ಚೆಂಡು ಗುಳಿ ಅಂಚಿಗೆ ಬಂದು ನಿಂತಿದೆ. ಸ್ವೀಡನ್ನಿನ ಮ್ಯಾಡೆಲಿನ್ ಸಾಗ್‌ಸ್ಟ್ರಾಮ್ ಒಳ್ಳೇ ಮನಸ್ಸಿಂದಲೇ ಅದನ್ನ ಎತ್ತಿ ಕೊಟ್ಲು, ಮುಂದಿನದು ಬಿಟ್ಟೆ ಅಂತ. ಅಂಚಲ್ಲಿ ನಿಂತ ಚೆಂಡಿಗೆ ಹತ್ತು ಸೆಕೆಂಡ್ ಟೈಮ್ ಕೊಡ್ಬೇಕಂತೆ, ಅದಾಗೇ ಬೀಳಬಹುದು ಅಂತ. ಹತ್ತಾಗಿರ್ಲಿಲ್ಲ. ಕೊರ್ಡಾ ಏನೂ ಕೇಳಿರ್ಲಿಲ್ಲ, ರೂಲ್ಸ್ ಅಧಿಕಾರಿನೇ ಬಂದು ಆ ಚೆಂಡು ಬಿದ್ದಂಗೆ ಲೆಕ್ಕ ಅಂದ್ರು. ಆ ಮ್ಯಾಚು ಅಮೆರಿಕಾ ಗೆದ್ದಿದ್ದು ಅದೇ ಒಂದು ಗುಳಿ ಅಂತರದಲ್ಲಿ. ಕೇಳಿ ತಗೊಂಡ್ರೂ ಕಷ್ಟ, ಕೇಳ್ದೆ ಬಂದ್ರೂ ಕಷ್ಟ ನೋಡು. ಸಾಗ್‌ಸ್ಟ್ರಾಮ್ ನನ್ನಿಂದ ಟೀಮಿಗೆ ಲಾಸ್ ಆಯ್ತು ಅಂತ ನೊಂದ್ಕೊಂಡ್ಲು, ಕೊನೇ ದಿನ, ಆ ಮ್ಯಾಚಲ್ಲಿ ಕೊರ್ಡಾ ಜೊತೆ ಆಡಿದ್ದ ಆಲಿ ಯೂಯಿಂಗ್ ಮೇಲೆ ಸಿಂಗಲ್ಸ್ ಗೆದ್ಲು. ಕಪ್ 15-13, ಯೂರೋಪು.

2023 ಸ್ಪೇನು, ಆ ಸಲ ಯೂರೋಪಿಗೆ ಕ್ಯಾಪ್ಟನ್ ಯಾರು ಹೇಳು? ಅದೇ ಪೆಟರ್ಸನ್. ಮೊದಲನೇ ಬೆಳಿಗ್ಗೆ 4-0 ಸೋತ್ರು, ನಾನು ಟಿವಿ ಆಫ್ ಮಾಡಿ ಮಲಗ್ದೆ, ನಾನು ಮಲಗಿದ ಮೇಲೆ ಎಮಿಲಿ ಪೆಡರ್ಸನ್ ಒಂದೇ ಏಟಿಗೆ ಚೆಂಡು ಗುಳಿಗೆ ಹಾಕಿದಾಳೆ, ನನ್ನ ಅದೃಷ್ಟನೇ ಅಷ್ಟು. ಕೊನೆಗೆ ಅಲ್ಲಿಯವಳೇ ಆದ ಕಾರ್ಲೋಟಾ ಸಿಗಾಂಡಾ ನೆಲ್ಲಿ ಕೊರ್ಡಾನ ಸೋಲಿಸಿ ಯೂರೋಪಿಗೆ ಹದಿನಾಲ್ಕನೇ ಪಾಯಿಂಟ್ ತಂದ್ಲು, ಮುಗಿದಾಗ 14-14, ಸಮ ಆದ್ರೆ ಹಿಂದಿನ ಸಲ ಗೆದ್ದವರ ಹತ್ರನೇ ಕಪ್ ಉಳಿಯತ್ತೆ. 2024ರಲ್ಲಿ ವರ್ಜೀನಿಯಾದಲ್ಲಿ ಅಮೆರಿಕಾ ವಾಪಸ್ ಕಿತ್ಕೊಳ್ತು, ಹದಿನೈದೂವರೆ-ಹನ್ನೆರಡೂವರೆ.

ಸಾಲದ ಪುಸ್ತಕದಲ್ಲಿ 2015ರ ಸಾಲಲ್ಲಿ ಎಡಕ್ಕೆ ಹದಿನಾಲ್ಕೂವರೆ, ಬಲಕ್ಕೆ ಹದಿಮೂರೂವರೆ ಅಂತ ಇದೆ. ಆ ಬಲಗಡೆ ಹದಿಮೂರೂವರೆಯಲ್ಲಿ ಆ 17ನೇ ಗುಳಿಯಿಂದ ಬಂದ ಪಾಯಿಂಟೂ ಸೇರಿದೆ, ಯಾರೂ ವಾಪಸ್ ತಗೊಳ್ಳಿಲ್ಲ, ತಗೊಳ್ಳೋಕೆ ಬರೋದೂ ಇಲ್ಲ. ನಿನ್ನ ಕಪ್ಪೂ ಹಂಗೇ, ಅದು ನಿಮ್ಮಿಬ್ರದ್ದೇ, ಮುಚ್ಚಿಡಬೇಡ. ಪಾರ್ಟ್ನರ್ ಮುನಿಸು ಎರಡು ದಿನದ್ದು, ಅದನ್ನ ನಾನು ಲೆಕ್ಕಕ್ಕೇ ತಗೊಳ್ಳಲ್ಲ.

ಅಮ್ಮ ಕೋಡುಬಳೆ ಮಾಡಿ ಎರಡು ಡಬ್ಬಿ ಕಟ್ಟಿಟ್ಟಿದಾಳೆ, ಗುರುವಾರ ರಾತ್ರಿ ಬಸ್ಸಿಗೆ ಹಾಕ್ತೀನಿ, ಕಂಡಕ್ಟರ್ ನಂಬರ್ ಕಳಿಸ್ತೀನಿ, ಲೇಟ್ ಮಾಡ್ದೆ ಹೋಗಿ ಇಸ್ಕೋ. ಶನಿವಾರ ಒಂಬತ್ತರ ಮೇಲೆ ಫೋನ್ ಮಾಡು, ಆಗ ಅಂಗಡಿ ಮುಚ್ಚಿರ್ತೀನಿ. ಅರ್ಧ ಗಂಟೆ ನೀನು ಮಾತಾಡಿದ್ರೂ, ಶಟಲ್ ಹಿಡ್ಕೊಂಡ ಆ ಹುಡುಗಿ ಹೆಸರೇನು ಅಂತ ಹೇಳ್ಲೇ ಇಲ್ಲ.

ನಿನ್ನ
ಅಪ್ಪ