ಮಠ ಇರ್ಲಿ ಚರ್ಚ್ ಇರ್ಲಿ, ರೂಲ್ಸ್ ಒಂದೇ ಇರ್ಲಿ

ಸಂಪಾದಕರೇ,

ನಮ್ ಮಾನ್ವಿ, ದೇವದುರ್ಗ ಕಡೆ ಸುಗ್ಗಿ ಮುಗಿದ್ರ ಸಾಕು ಗಂಡ ಹೆಂಡ್ತಿ ಬೆಂಗಳೂರು ಪುಣೆ ಅಂತ ಗುಳೇ ಹೋಗ್ತಾರ, ಮಕ್ಳು ಅಜ್ಜಿ ಹತ್ರ ಉಳಿತಾವ. ಬೀಜದ ಹತ್ತಿ ಹೊಲ ಇದ್ರ ಆ ಮಕ್ಳನ್ನ ಕ್ರಾಸಿಂಗ್‌ಗೆ (ಹೈಬ್ರಿಡ್ ಬೀಜಕ್ಕ ಕೈಲೇ ಪರಾಗ ಹಚ್ಚೋ ಕೆಲ್ಸ) ಕರ್ಕಂಡ್ ಹೋಗ್ತಾರ, ಸಂಜಿಗೆ ಮೊಗ್ಗು ಸುಲಿಯೋದು, ಬೆಳಿಗ್ಗೆ ಅದ್ಕ ಗಂಡು ಹೂವಿನ ಪರಾಗ ಹಚ್ಚೋದು, ಇನ್ನ ಶಾಲಿಗೆ ಯಾವಾಗ ಹೋಗ್ಬೇಕ್ರಿ? 14 ತುಂಬದ ಮಕ್ಳನ್ನ ಕೂಲಿಗೆ ಹಚ್ಚೋದು ಅಪರಾಧ ಅಂತ ಎಲ್ಲಾರ್ಗೂ ಗೊತ್ತೈತಿ ಬಿಡ್ರಿ.

ಇಂಥಾ ಮಕ್ಳನ್ನ ಓದಿಸ್ತಿರೋರಲ್ಲಿ ನಮ್ ತಾಲೂಕಿನ ಜೆಸ್ವಿಟ್ (ಕ್ಯಾಥೊಲಿಕ್ ಸನ್ಯಾಸಿ ಸಂಘದ) ಫಾದರ್‌ಗಳೂ ಅದಾರ, ಅಲ್ಲಿ ಕಲಿಯೋರಲ್ಲಿ ದಲಿತರ ಮಕ್ಳೇ ಜಾಸ್ತಿ. ಮತಾಂತರಕ್ಕ ಮಾಡ್ತಾರ ಅಂತ ವಾಟ್ಸಾಪ್‌ನಾಗ ಬಯ್ಯೋರು ಒಂದು ದಿನಾನೂ ಆ ಮಕ್ಳ ಮನಿ ಬಾಗ್ಲಿಗೆ ಹೋಗಿಲ್ಲ (ನಾನು ಚರ್ಚಿಗೆ ಹೋಗಾಂವಲ್ಲ, ಹನುಮಪ್ಪನ ಭಕ್ತ).

ಹಂಗಂತ ಸೇವೆ ಅಂದ ಕೂಡ್ಲೇ ಕಣ್ಮುಚ್ಚಿ ನಂಬೋದೂ ಬ್ಯಾಡ. ದಿಕ್ಕಿಲ್ಲದ ಮಕ್ಳನ್ನ ಇಟ್ಕಳ್ಳೋ ಸಂಸ್ಥೆ ಯಾವ ಧರ್ಮದ್ದೇ ಇರ್ಲಿ, 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗ್ಲೇಬೇಕು, ಸಿಕ್ಕ ಮಗೂನ 24 ತಾಸಿನೊಳಗ ಮಕ್ಕಳ ಕಲ್ಯಾಣ ಸಮಿತಿ ಮುಂದ ತರ್ಬೇಕು. ಜಿಲ್ಲಾಡಳಿತ ಎಲ್ಲಾ ಕಡೆ ಒಂದೇ ಥರ ಚೆಕ್ ಮಾಡ್ಲಿ, ಗುಳೇ ಶುರು ಆಗೋಕ್ ಮುಂಚೆನೇ ಊರಾಗ ಉಳಿಯೋ ಮಕ್ಳಿಗೆ ಸೀಸನ್ ಹಾಸ್ಟೆಲ್ ತೆಗೀಲಿ, ಮಕ್ಕಳ ಸಹಾಯವಾಣಿ 1098 ನಂಬರ್ ಪ್ರತಿ ಪಂಚಾಯ್ತಿ ಗ್ವಾಡಿ ಮ್ಯಾಲೆ ದಪ್ಪಗ ಬರಸ್ಲಿ.

– ಒಬ್ಬ ಓದುಗ, ಮಾನ್ವಿ, ರಾಯಚೂರು ಜಿಲ್ಲೆ