ಫೆರೆಟ್ ಸಾಕುವ ಮುನ್ನ ಬೆದೆಯನ್ನೂ ಬೇಸಿಗೆಯನ್ನೂ ನೆನೆಯಿರಿ

ಮಾನ್ಯ ಸಂಪಾದಕರೇ,

ಅಪಾರ್ಟ್‌ಮೆಂಟುಗಳಿಗೆ ಹೇಳಿಮಾಡಿಸಿದ ಮುದ್ದುಪ್ರಾಣಿಯೆಂದು ಫೆರೆಟ್ಟನ್ನು ಬಣ್ಣಿಸಿದ ತಮ್ಮ ಪುರವಣಿಯ ಲೇಖನಕ್ಕೆ, ಪಶುವೈದ್ಯನಾಗಿ ಕೆಲವು ಮಾತು ಸೇರಿಸಬಯಸುತ್ತೇನೆ. ಹಲವರು ಭಾವಿಸುವಂತೆ ಇದು ಮುಂಗುಸಿಯ ತಳಿಯಲ್ಲ. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಸುಮಾರು 2,000 ವರ್ಷಗಳ ಹಿಂದೆಯೇ ಪಳಗಿಸಿ, ಬಿಲದೊಳಗಿನ ಮೊಲಗಳನ್ನು ಹೊರಗಟ್ಟಲು ಬಳಸಿದ್ದರಿಂದ ಉಂಟಾದ ಸಾಕುಪ್ರಾಣಿ. ಅದು ದಿನದ ಬಹುಪಾಲು ನಿದ್ರಿಸುತ್ತದೆ, ಎಚ್ಚರವಿದ್ದಾಗ ಬಲು ಲವಲವಿಕೆಯಿಂದ ಆಡುತ್ತದೆ ಎಂಬ ಲೇಖಕರ ಮಾತು ನಿಜವೇ.

ಆದರೆ ಲೇಖನದಲ್ಲಿ ಬಿಟ್ಟುಹೋದ ಮುಖ್ಯ ಸಂಗತಿ ಹೆಣ್ಣು ಫೆರೆಟ್‌ನ ಬೆದೆಗೆ ಸಂಬಂಧಿಸಿದ್ದು. ಹಸುವಿಗಾಗಲಿ ನಾಯಿಗಾಗಲಿ ಬಂದ ಬೆದೆ ತಾನಾಗಿ ಇಳಿಯುತ್ತದೆ. ಫೆರೆಟ್‌ನಲ್ಲಿ ಗಂಡಿನೊಡನೆ ಕೂಡದ ಹೊರತು ಅಂಡ ಬಿಡುಗಡೆಯಾಗುವುದಿಲ್ಲ. ಹೀಗಾಗಿ ಒಂಟಿಯಾಗಿ ಸಾಕಿದ ಹೆಣ್ಣು ತಿಂಗಳುಗಟ್ಟಲೆ ಬೆದೆಯಲ್ಲೇ ಉಳಿದು, ದೇಹದಲ್ಲಿ ಏರಿದ ಈಸ್ಟ್ರೋಜನ್ ಹಾರ್ಮೋನು ಮೂಳೆಯ ಮಜ್ಜೆಯನ್ನು ಕುಂದಿಸಿ, ರಕ್ತಕಣಗಳ ಉತ್ಪತ್ತಿ ಕುಸಿದು, ಕೊನೆಗೆ ತೀವ್ರ ರಕ್ತಹೀನತೆಯಿಂದ ಸಾಯುವ ಅಪಾಯವಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ, ಇಲ್ಲವೇ ಚರ್ಮದಡಿ ಇರಿಸುವ ಹಾರ್ಮೋನು ಇಂಪ್ಲಾಂಟಿನಿಂದ ಇದನ್ನು ತಡೆಯಬಹುದು. ಮರಿಯ ಬಣ್ಣವನ್ನು ಬಾಯ್ತುಂಬ ಹೊಗಳುವ ಮಾರಾಟಗಾರರು ಈ ಒಂದು ಮಾತನ್ನಾದರೂ ಕೊಳ್ಳುವವರಿಗೆ ಹೇಳಬೇಡವೇ?

ಇನ್ನು ಬೇಸಿಗೆ. ಬೆವರಿ ಮೈ ತಂಪಾಗಿಸಿಕೊಳ್ಳಲಾರದ ಈ ಪ್ರಾಣಿಗೆ 30 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲು ಪ್ರಾಣಾಂತಿಕವಾಗಬಲ್ಲದು. ಏಪ್ರಿಲ್‌ನಲ್ಲಿ ಬೆಂಗಳೂರೇ ಆ ಮಿತಿಯನ್ನು ಸಲೀಸಾಗಿ ಮೀರುವಾಗ, ರಾಯಚೂರು, ಕಲಬುರಗಿಗಳ ಮಾತು ಹೇಳಬೇಕಾಗಿಲ್ಲ. ಹವಾನಿಯಂತ್ರಣವಿಲ್ಲದ ಮನೆಯಲ್ಲಿ, ಅದರಲ್ಲೂ ವಿದ್ಯುತ್ ಕೈಕೊಡುವ ಊರುಗಳಲ್ಲಿ, ಫೆರೆಟ್ ಸಾಕುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಆಹಾರದ ವಿಷಯದಲ್ಲಿಯೂ ಅದು ಅಪ್ಪಟ ಮಾಂಸಾಹಾರಿ. ತಿಂದದ್ದು ಮೂರು ನಾಲ್ಕು ಗಂಟೆಗಳಲ್ಲೇ ಕರುಳನ್ನು ದಾಟಿಬಿಡುವುದರಿಂದ ಧಾನ್ಯ, ನಾರುಗಳು ಅದಕ್ಕೆ ಜೀರ್ಣವಾಗವು. ಮೊಸರನ್ನ ಕಲಸಿ ಹಾಕಿ ನಾಯಿ ಸಾಕಿದ ಮನೆಗಳವರು ಇದನ್ನು ಮೊದಲೇ ಯೋಚಿಸಬೇಕು. ನಾಯಿಗಳ ಡಿಸ್ಟೆಂಪರ್ ರೋಗ ತಗುಲಿದ ಫೆರೆಟ್ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ನಮ್ಮ ಫ್ಲೂ ಕೂಡ ಅದಕ್ಕೆ ಹರಡುತ್ತದೆ; 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ಸನ್ನು ಪತ್ತೆಹಚ್ಚಿದ್ದು ಫೆರೆಟ್‌ಗಳ ನೆರವಿನಿಂದಲೇ.

ಸಾಕಲಾಗದೆ ಬೇಸತ್ತವರು ಅದನ್ನು ಹೊರಗೆ ಬಿಟ್ಟುಬಿಡುವುದಂತೂ ಸಲ್ಲದು. ಮೊಲಗಳ ಹಾವಳಿ ತಡೆಯಲೆಂದು 1880ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಬಿಟ್ಟ ಫೆರೆಟ್‌ಗಳು ‘ಕೀವಿ’ಯಂಥ ಹಾರಲಾರದ ಹಕ್ಕಿಗಳಿಗೆ ಕಂಟಕವಾಗಿ, 2002ರಲ್ಲಿ ಅಲ್ಲಿನ ಸರ್ಕಾರ ಅವುಗಳ ಮಾರಾಟವನ್ನೂ ಸಂತಾನಾಭಿವೃದ್ಧಿಯನ್ನೂ ನಿಷೇಧಿಸಬೇಕಾಯಿತು.

ಸಾಕುಪ್ರಾಣಿ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2018ರ ನಿಯಮಗಳು ಹೇಳುತ್ತವೆ. ಫೆರೆಟ್ ಮಾರುವವರು ಮೇಲಿನ ಸಂಗತಿಗಳನ್ನು ಕನ್ನಡದಲ್ಲಿ ಬರೆದು ಕೊಡುವಂತೆ ಮಂಡಳಿಯು ಸೂಚಿಸಲಿ. ಈಗಾಗಲೇ ಹೆಣ್ಣು ಫೆರೆಟ್ ಸಾಕಿರುವವರು ಅದು ಬೆದೆಗೆ ಬರುವ ಮುನ್ನವೇ ಇಂಥ ಪ್ರಾಣಿಗಳ ಚಿಕಿತ್ಸೆ ಬಲ್ಲ ವೈದ್ಯರಿಗೆ ತೋರಿಸುವುದು ಒಳಿತು.

ಇಂತಿ,
ಒಬ್ಬ ಪಶುವೈದ್ಯ, ಮೈಸೂರು