ಎಣ್ಣೆ ತಟ್ಟೆಯಲ್ಲಿ ಸೂರ್ಯ ತೋರಿಸಿದವರಿಗೆ

ರಾಜಾಸೀಟ್‌ನಲ್ಲಿ ಆವತ್ತು ಸಂಜೆ ನಮ್ಮ ಪಕ್ಕ ನಿಂತಿದ್ದ ಹಿರಿಯರೇ, ನಿಮ್ಮ ಹೆಸರು ಕೇಳೋದನ್ನೇ ಮರೆತೆವು. ಅದಕ್ಕೇ ಈ ಬರಹ.

ನಾವು ವಿರಾಜಪೇಟೆಯ ಮೂವರು ಹೆಂಗಸರು. 2017-18ರಲ್ಲಿ ನೌಕಾಪಡೆಯ ಆರು ಮಹಿಳೆಯರು ತಾರಿಣಿ ಹಾಯಿದೋಣಿಯಲ್ಲಿ 254 ದಿನಗಳಲ್ಲಿ ಭೂಮಿ ಸುತ್ತಿ ಬಂದರಲ್ಲ, ಆಗ ಹತ್ತಿದ ಹುಚ್ಚು ಇದು. ಸೂರ್ಯ, ನಕ್ಷತ್ರ ನೋಡಿ ದಾರಿ ಹಿಡಿಯೋದು ಕಲಿಯಬೇಕು ಅಂತ ಹಳೇ ಸೆಕ್ಸ್‌ಟಂಟ್ ಕೊಂಡೆವು, ಕಡಲಂಚಿನಿಂದ ಸೂರ್ಯ ಎಷ್ಟು ಮೇಲಿದ್ದಾನೆ ಅಂತ ಕೋನ ಅಳೆಯೋ ಸಾಧನ. ಆದರೆ ಕೊಡಗಿನಲ್ಲಿ ಕಡಲಂಚು ಎಲ್ಲಿಂದ ತರೋದು? ಎತ್ತ ನೋಡಿದರೂ ಬೆಟ್ಟ, ಮಂಜು. ‘ತೋಟದಲ್ಲಿ ಹಡಗು ಓಡಿಸ್ತೀರಾ?’ ಅಂತ ನಗುವವರೇ ಜಾಸ್ತಿ. ನೀವು ನಗಲಿಲ್ಲ. ‘ತಟ್ಟೆಗೆ ಹಳೇ ಎಂಜಿನ್ ಆಯಿಲ್ ಸುರಿಯಿರಿ, ಕಡಲಂಚಿನ ಬದಲು ಅದರಲ್ಲಿ ಕಾಣೋ ಸೂರ್ಯನ ಬಿಂಬ ಸಾಕು’ ಅಂದಿರಿ.

ಡಿಸೆಂಬರ್ ಕೊನೆ, ಕಾಫಿ ಕಣದ ಮೂಲೆ. ಕಪ್ಪು ಎಣ್ಣೆಯಲ್ಲಿ ಒಂದು ಸೂರ್ಯ, ಸೆಕ್ಸ್‌ಟಂಟ್ ಕನ್ನಡಿಯಲ್ಲಿ ಇನ್ನೊಂದು. ಬಣ್ಣದ ಗಾಜು ಅಡ್ಡ ಇಟ್ಟು, ಮೆಲ್ಲಗೆ ತಿರುಪು ತಿರುಗಿಸಿ ಅಂಚಿಗೆ ಅಂಚು ತಾಗಿಸಿದೆವು. ಗಾಳಿ ಬೀಸಿದರೆ ಎಣ್ಣೆಯ ಸೂರ್ಯ ನಡುಗುತ್ತಿದ್ದ. ಹನ್ನೆರಡೂವರೆ ಹತ್ತಿರ 108 ಡಿಗ್ರಿ ಚಿಲ್ಲರೆ ಬಂತು. ಬಿಂಬದಿಂದ ಅಳೆದರೆ ಕೋನ ಎರಡರಷ್ಟು ಬರುತ್ತೆ, ಅದಕ್ಕೇ ಅದರಲ್ಲಿ ಅರ್ಧ ತಗೊಂಡು ಅಕ್ಷಾಂಶ ಲೆಕ್ಕ ಹಾಕಿದರೆ, ನಮ್ಮ ಕಣ ಮಡಿಕೇರಿಯನ್ನೂ ದಾಟಿ ಉತ್ತರಕ್ಕೆ ಹೋಗಿತ್ತು! ಸೂರ್ಯನ ಅರ್ಧ ವ್ಯಾಸ, 16 ಮಿನಿಟ್ (ಒಂದು ಡಿಗ್ರಿಗೆ 60 ಮಿನಿಟ್), ಸೇರಿಸೋದು ಮರೆತಿದ್ದೆವು. ಸುಮಾರು 30 ಕಿಲೋಮೀಟರ್ ತಪ್ಪು. ನೀವು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟಿದ್ದರಲ್ಲಿ ಅದು ಇತ್ತು, ನಾವೇ ಸರಿಯಾಗಿ ಓದಿರಲಿಲ್ಲ.

ಎರಡನೇ ಸಲ ಅಕ್ಷಾಂಶ 12 ಡಿಗ್ರಿ 15 ಮಿನಿಟ್ ಬಂತು. ನಿಜವಾದ ಜಾಗದಿಂದ ಮೂರು ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್, ಆಚೀಚೆ. ಪರವಾಗಿಲ್ಲ, ಅಲ್ವಾ?

ಮನೆಯ ಕಾಫಿಪುಡಿ ಒಂದು ಕಿಲೋ ಕಟ್ಟಿಟ್ಟಿದ್ದೇವೆ. ತುಂಬಾ ಥ್ಯಾಂಕ್ಸ್ ಸರ್.